ಯಾವುದನ್ನು ಬಿಟ್ಟುಕೊಡುತ್ತೀರಿ? ಎಚ್‌ಐವಿ ಚಿಕಿತ್ಸೆಯ ಸಮೀಕ್ಷೆ ಕಟ್ಟುತ್ತಾ ಕಲಿತ ಪಾಠಗಳು

ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಉಚಿತವಾಗಿ ಸಿಗತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ಮಾತ್ರೆ ಸಿಗುತ್ತದೋ ಇಲ್ಲವೋ ಎಂಬುದೇ ಆಗಿನ ಚಿಂತೆ. 2017ರ ಹೊತ್ತಿಗೆ, ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಸಿಡಿ4 ಎಣಿಕೆ ಎಷ್ಟೇ ಇದ್ದರೂ ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂತು. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರಲ್ಲೇ ಇರುತ್ತವೆ. ಅದನ್ನು ತಪ್ಪದೆ ನುಂಗಿದವರ ರಕ್ತದಲ್ಲಿ ವೈರಸ್ ಪತ್ತೆಗೇ ಸಿಗದಷ್ಟು ತಗ್ಗುತ್ತದೆ. ಆ ಸ್ಥಿತಿ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಆದರೆ ಈ ಮಾತ್ರೆಯನ್ನು ಬದುಕಿರುವಷ್ಟು ಕಾಲ ನುಂಗಬೇಕು. ಆದ್ದರಿಂದ ಈಗ ಕೇಳಬೇಕಾದದ್ದು ಬೇರೆ: ಮಾತ್ರೆ ಎಲ್ಲಿ, ಎಷ್ಟು ತಿಂಗಳದ್ದು, ಯಾವ ಹೊತ್ತಿನಲ್ಲಿ, ಯಾರ ಕೈಯಿಂದ ಸಿಕ್ಕರೆ ಜನ ವರ್ಷಗಟ್ಟಲೆ ಬಿಡದೆ ಬಂದಾರು?

ಇದನ್ನು ತಿಳಿಯಲೆಂದೇ ಮಾಡುವುದು ಆದ್ಯತೆಯ ಸಮೀಕ್ಷೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಥ ಪ್ರಶ್ನಾವಳಿ ಕಟ್ಟುವಾಗ ಪುಸ್ತಕದ ನಿಯಮಗಳು ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತವೆ. ಶೇಂಗಾ ಹೊಲ, ಎಣ್ಣೆ ಮಿಲ್ಲು, ರೇಷ್ಮೆ ಮಗ್ಗ, ಕುರಿ ಮಂದೆ, ಕೂಗಳತೆಯಲ್ಲಿ ಆಂಧ್ರದ ಗಡಿ, ಎಲ್ಲರಿಗೂ ಎಲ್ಲರ ಪರಿಚಯ. ಉಳಿದ ಅರ್ಧ ದಾರಿಯನ್ನು ಕಲಿಸಿದ್ದು ಇವೇ. ಇಂಥ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನೆರವಾಗಲೆಂದು ಅದನ್ನು ಇಲ್ಲಿ ಬರೆದಿದ್ದೇನೆ.

1. ‘ಹೇಗಿದೆ’ ಎಂದು ಕೇಳಿದರೆ ಬರುವ ಉತ್ತರ ಒಂದೇ

‘ಇಲ್ಲಿನ ಸೇವೆ ನಿಮಗೆ ತೃಪ್ತಿ ಕೊಟ್ಟಿದೆಯೇ?’ ಎಂದು ಕೇಳಿ ನೋಡಿ. ‘ಎಲ್ಲಾ ಚೆನ್ನಾಗಿದೆ ಸಾರ್’ ಎನ್ನುತ್ತಾರೆ. ಉಚಿತವಾಗಿ ಮಾತ್ರೆ ಕೊಡುವ ಜಾಗವನ್ನು ದೂರಿದರೆ ಮುಂದಿನ ತಿಂಗಳು ಏನಾದೀತೋ ಎಂಬ ಅಳುಕು ಇರುತ್ತದೆ. ಎದುರು ಕೂತು ಕೇಳುವವರ ಮನಸ್ಸು ನೋಯಿಸಬಾರದೆಂಬ ದಾಕ್ಷಿಣ್ಯವೂ ಸೇರಿಕೊಳ್ಳುತ್ತದೆ. ‘ಕೇಂದ್ರ ಹತ್ತಿರ ಇರಬೇಕೇ? ಹೆಚ್ಚು ತಿಂಗಳ ಮಾತ್ರೆ ಬೇಕೇ? ಕಾಯುವುದು ಕಡಿಮೆಯಾಗಬೇಕೇ?’ ಎಂದರೆ ಎಲ್ಲದಕ್ಕೂ ಹೌದು. ಎಲ್ಲವೂ ಬೇಕೆಂದವರ ಉತ್ತರದಿಂದ ಯಾವುದನ್ನು ಮೊದಲು ಮಾಡಬೇಕೆಂಬುದು ತಿಳಿಯುವುದಿಲ್ಲ.

ಮೊಳಕಾಲ್ಮೂರು ಸೀರೆ ಕೊಳ್ಳಲು ಬಂದವರಿಗೆ ರೇಷ್ಮೆ ಇಷ್ಟವೇ ಎಂದು ಯಾರೂ ಕೇಳುವುದಿಲ್ಲ. ಎರಡು ಸೀರೆ ಹರಡಿ, ಒಂದರ ಅಂಚು ದೊಡ್ಡದು, ಇನ್ನೊಂದರ ಬೆಲೆ ಕಡಿಮೆ ಎಂದಾಗ ಕೈ ಯಾವುದರತ್ತ ಹೋಯಿತು ಎಂಬುದರಲ್ಲಿ ಮನಸ್ಸು ಗೊತ್ತಾಗುತ್ತದೆ. ಡಿಸ್ಕ್ರೀಟ್ ಚಾಯ್ಸ್ ಎಕ್ಸ್‌ಪೆರಿಮೆಂಟ್, ಅಂದರೆ ಡಿಸಿಇ ಎನ್ನುವ ವಿಧಾನ ಮಾಡುವುದೂ ಇದನ್ನೇ. ಒಂದು ಕಾರ್ಡಿನಲ್ಲಿ ತಾಲ್ಲೂಕು ಆಸ್ಪತ್ರೆ, ಒಂದು ಗಂಟೆಯ ಪ್ರಯಾಣ, ಒಂದು ತಿಂಗಳ ಮಾತ್ರೆ. ಇನ್ನೊಂದರಲ್ಲಿ ಬೇರೆ ಜಿಲ್ಲೆಯ ಆಸ್ಪತ್ರೆ, ಇಡೀ ದಿನದ ಓಡಾಟ, ಮೂರು ತಿಂಗಳ ಮಾತ್ರೆ. ಎರಡರಲ್ಲಿ ಯಾವುದು? ಇಂಥ ಆಯ್ಕೆಗಳ ಲೆಕ್ಕಾಚಾರಕ್ಕೆ ತಳಹದಿ ಹಾಕಿದ ಡೇನಿಯಲ್ ಮೆಕ್‌ಫ್ಯಾಡನ್ ಅವರಿಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಹೊಸ ರೈಲನ್ನು ಎಷ್ಟು ಜನ ಹತ್ತುತ್ತಾರೆಂದು ಮೊದಲೇ ಅಂದಾಜಿಸಲು ಅವರು ಈ ಲೆಕ್ಕವನ್ನು ಬಳಸಿದ್ದರು.

ಎರಡರ ಜೊತೆಗೆ ‘ಈಗ ಹೋಗುತ್ತಿರುವ ಕಡೆಯೇ ಇರಲಿ’ ಎಂಬ ಮೂರನೆಯ ದಾರಿಯನ್ನೂ ಇಡಬೇಕು. ಅದಿಲ್ಲದಿದ್ದರೆ ಎರಡೂ ಬೇಡವಾದವರೂ ಯಾವುದೋ ಒಂದರ ಮೇಲೆ ಬೆರಳಿಡುತ್ತಾರೆ, ಅದು ಅವರ ಇಷ್ಟವೆಂದು ನಮ್ಮ ಲೆಕ್ಕಕ್ಕೆ ಸೇರುತ್ತದೆ.

2. ಕಾರ್ಡಿನಲ್ಲಿ ಏನಿರಬೇಕೆಂದು ಹೇಳಬೇಕಾದವರು ಮಾತ್ರೆ ನುಂಗುವವರು

ಕಾರ್ಡಿನ ಒಂದೊಂದು ಅಂಶವನ್ನೂ ‘ಗುಣ’ ಎನ್ನುತ್ತೇವೆ. ಸಂಶೋಧಕರು ಮೇಜಿನ ಮುಂದೆ ಕೂತು ಪಟ್ಟಿ ಮಾಡಿದರೆ ದೂರ, ಕಾಯುವ ಸಮಯ, ಸಿಬ್ಬಂದಿಯ ನಡವಳಿಕೆ ಬರುತ್ತವೆ. ಬೇಕಾದವೇ, ಆದರೆ ಅಷ್ಟಕ್ಕೆ ಮುಗಿಯುವುದಿಲ್ಲ. ಸೋಂಕಿತರ ಜೊತೆ, ಆಪ್ತಸಮಾಲೋಚಕರ ಜೊತೆ, ಮಾತ್ರೆ ಎಣಿಸಿ ಕೊಡುವ ಫಾರ್ಮಸಿಸ್ಟ್ ಜೊತೆ ಮೊದಲು ಕೂತು ಮಾತಾಡಿದರೆ ಪಟ್ಟಿಯ ರೂಪವೇ ಬದಲಾಗುತ್ತದೆ. ಮೂರು ತಿಂಗಳ ಮಾತ್ರೆಯೆಂದರೆ ಮೂರು ಡಬ್ಬಿ, ಒಂದೇ ಕೋಣೆಯ ಮನೆಯಲ್ಲಿ ಅವನ್ನು ಎಲ್ಲಿ ಇಡುವುದು? ಚೀಲದೊಳಗೆ ಡಬ್ಬಿ ಗಲಗಲ ಎಂದರೆ ಬಸ್ಸಿನಲ್ಲಿ ಪಕ್ಕದವರಿಗೆ ಏನು ಹೇಳುವುದು? ಕೇಂದ್ರದವರು ಕೊಡುವ ಚಿಕಿತ್ಸೆಯ ಹಸಿರು ಪುಸ್ತಕ ಮಕ್ಕಳ ಕೈಗೆ ಸಿಕ್ಕರೆ? ಮುಟ್ಟಿನ ದಿನಗಳನ್ನು ಮನೆಯಾಚೆ ಕಳೆಯುವ ರೂಢಿ ಉಳಿದಿರುವ ಹಟ್ಟಿಗಳಲ್ಲಿ ಆ ದಿನಗಳ ಮಾತ್ರೆಯನ್ನು ಜೊತೆಗೆ ಒಯ್ಯುವುದು ಹೇಗೆ?

ಹೊರಗಿನಿಂದ ನೋಡುವವರಿಗೆ ಹೆಚ್ಚು ತಿಂಗಳ ಮಾತ್ರೆಯೆಂದರೆ ಬರಿಯ ಅನುಕೂಲ. ಮುಚ್ಚಿಡಲು ಜಾಗವಿಲ್ಲದವರಿಗೆ ಅದೇ ಹೊರೆ. ಆದ್ದರಿಂದ ಎಷ್ಟು ತಿಂಗಳ ಮಾತ್ರೆ ಎಂಬುದು ಒಂದು ಗುಣ, ಅದನ್ನು ಯಾವುದರಲ್ಲಿ ಕೊಡುತ್ತಾರೆ ಎಂಬುದು ಇನ್ನೊಂದು. ಕೊನೆಗೆ ಐದಾರು ಗುಣಗಳಿಗೆ ನಿಲ್ಲಿಸಬೇಕು. ಅದಕ್ಕಿಂತ ಹೆಚ್ಚಾದರೆ ಜನ ಎಲ್ಲವನ್ನೂ ತೂಗುವುದು ಬಿಟ್ಟು ಒಂದೇ ಗುಣ ಹಿಡಿದು ಉತ್ತರಿಸತೊಡಗುತ್ತಾರೆ.

3. ದೂರ ಎಲ್ಲರಿಗೂ ಕಷ್ಟವಲ್ಲ

ಆರೋಗ್ಯ ಯೋಜನೆಗಳ ಬುಡದಲ್ಲೇ ಒಂದು ನಂಬಿಕೆಯಿದೆ: ಸೇವೆ ಮನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಜಿಲ್ಲಾ ಮಟ್ಟದ ಎಆರ್‌ಟಿ ಕೇಂದ್ರದ ಕೆಳಗೆ ಲಿಂಕ್ ಎಆರ್‌ಟಿ ಕೇಂದ್ರಗಳನ್ನು ತೆರೆದದ್ದು ಇದೇ ತರ್ಕದಿಂದ. ಬಹಳ ಮಂದಿಗೆ ಅದರಿಂದ ಉಪಕಾರವಾಗಿದೆ. ಆದರೆ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಹಿಂದೆ ನಿಂತವರು ಬೀಗರ ಊರಿನವರಾಗಿರಬಹುದು. ಚೀಟಿ ಬರೆಯುವವರು ಸಹಪಾಠಿಯಾಗಿರಬಹುದು. ಮೊಳಕಾಲ್ಮೂರು ಸೀಮೆಯ ಹಳ್ಳಿಗಳಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ, ಅನಂತಪುರ ಜಿಲ್ಲೆಯ ರಾಯದುರ್ಗ ಇನ್ನೂ ಹತ್ತಿರ. ಸಂತೆಗೋ ಮದುವೆಗೋ ಗಡಿ ದಾಟಿ ಬರುವುದು ಅಲ್ಲಿನವರಿಗೆ ದಿನನಿತ್ಯದ ಮಾತು. ಹತ್ತಿರದ ಆಸ್ಪತ್ರೆ ಬಿಟ್ಟು ಪರಊರಿಗೆ ಹೋಗುವವರು ದಾರಿ ತಿಳಿಯದೆ ಹೋಗುತ್ತಿಲ್ಲ, ಲೆಕ್ಕ ಹಾಕಿಯೇ ಹೋಗುತ್ತಿರುತ್ತಾರೆ.

ಸಮೀಕ್ಷೆಯಲ್ಲಿ ಇದಕ್ಕೆ ಉಪಾಯವಿದೆ. ದೂರವನ್ನೂ ಗುರುತು ಸಿಗುವ ಭಯವನ್ನೂ ಬೇರೆಬೇರೆ ಗುಣಗಳಾಗಿ ಬಿಡಿಸಿಡಬೇಕು. ‘ಹತ್ತಿರವಿದೆ, ಆದರೆ ಪರಿಚಯದವರು ಕಾಣಬಹುದು’, ‘ಹತ್ತಿರವಿದೆ, ಬಾಗಿಲ ಮೇಲೆ ಎಆರ್‌ಟಿ ಎಂಬ ಫಲಕವಿಲ್ಲ, ಎಲ್ಲ ರೋಗಿಗಳೂ ಅಲ್ಲಿಗೇ ಬರುತ್ತಾರೆ’, ‘ದೂರವಿದೆ, ಯಾರೂ ಗುರುತಿನವರಿಲ್ಲ’ ಎಂಬ ಕೂಡಿಕೆಗಳು ಕಾರ್ಡುಗಳಲ್ಲಿ ಬರಬೇಕು. ದೂರ ಮಾತ್ರ ಬರೆದರೆ ಓದುವವರು ಉಳಿದದ್ದನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ: ಹತ್ತಿರ ಎಂದರೆ ಗುರುತಿನವರು, ದೂರ ಎಂದರೆ ನಿರಾಳ. ಅವರು ದೂರದ ಕೇಂದ್ರವನ್ನು ಆರಿಸಿದ್ದು ಕಂಡು ನಾವು ‘ಪ್ರಯಾಣ ಸಮಸ್ಯೆಯಲ್ಲ’ ಎಂದು ವರದಿ ಬರೆದುಬಿಡುತ್ತೇವೆ. ಹತ್ತಿರದಲ್ಲೇ ಗುಟ್ಟು ಉಳಿಯುವ ವ್ಯವಸ್ಥೆ ಮಾಡಿದ್ದರೆ ಅವರೇ ಮೊದಲು ಬರುತ್ತಿದ್ದರೇನೋ.

4. ಉಚಿತ ಮಾತ್ರೆಗೂ ಬೆಲೆಯಿದೆ, ಅದು ಒಬ್ಬೊಬ್ಬರಿಗೆ ಒಂದೊಂದು

ಬೇರೆ ದೇಶಗಳ ಡಿಸಿಇಗಳಲ್ಲಿ ಹಣವನ್ನು ಒಂದು ಗುಣವಾಗಿ ಇಡುವುದು ವಾಡಿಕೆ. ಅದನ್ನು ಹಾಗೆಯೇ ಇಲ್ಲಿಗೆ ತಂದು ‘ಈ ಕೇಂದ್ರದಲ್ಲಿ ನೂರು ರೂಪಾಯಿ ಶುಲ್ಕ’ ಎಂದು ಬರೆದರೆ, ಸರ್ಕಾರ ಮಾತ್ರೆಗೆ ದುಡ್ಡು ಕೇಳಲಿದೆ ಎಂಬ ಪುಕಾರು ಸಂಜೆಯೊಳಗೆ ಹಬ್ಬುತ್ತದೆ. ಇಲ್ಲಿ ಶುಲ್ಕದ ಜಾಗದಲ್ಲಿರುವುದು ಬಸ್ ಚಾರ್ಜು, ಹೋಟೆಲ್ ಊಟ, ತಪ್ಪಿದ ಕೂಲಿ.

ಬಸ್ ಚಾರ್ಜಿನ ಲೆಕ್ಕವೂ ಮೊದಲಿನಂತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ ಹಣ ಕೊಡದೆ ಓಡಾಡಬಹುದು. ಖಾಸಗಿ ಬಸ್ಸು ಮಾತ್ರ ಓಡುವ ದಾರಿಯಲ್ಲಿ ಈ ಅನುಕೂಲವಿಲ್ಲ, ಗಂಡಸರಿಗೆ ಎಲ್ಲೂ ಇಲ್ಲ, ಗಡಿಯಾಚೆಗೂ ಇಲ್ಲ. ಹಾಗಾಗಿ ‘ಪ್ರಯಾಣ ವೆಚ್ಚ’ ಎಂಬ ಒಂದೇ ಸಾಲು ಒಂದೇ ಊರಿನ ಹೆಂಡತಿಗೆ ಒಂದು ಅರ್ಥ ಕೊಟ್ಟರೆ ಗಂಡನಿಗೆ ಇನ್ನೊಂದು. ಹೆಣ್ಣುಮಕ್ಕಳಿಗೆ ದೂರದ ಬೆಲೆ ಈಗ ಹಣಕ್ಕಿಂತ ಹೊತ್ತಿನಲ್ಲೇ ಹೆಚ್ಚು ಇರುವ ಸಂಭವವಿದೆ: ಮನೆಯಲ್ಲಿ ಏನು ಹೇಳಿ ಹೊರಡುವುದು, ಮಕ್ಕಳು ಶಾಲೆಯಿಂದ ಬರುವುದರೊಳಗೆ ಹಿಂತಿರುಗಲಾದೀತೇ?

ನಾನು ಕಂಡುಕೊಂಡ ದಾರಿ, ವೆಚ್ಚವನ್ನು ರೂಪಾಯಿಯಲ್ಲಿ ಬರೆಯುವ ಬದಲು ‘ಅರ್ಧ ದಿನದ ಕೆಲಸ ಹೋಗುತ್ತದೆ’, ‘ಇಡೀ ದಿನದ ಕೆಲಸ ಹೋಗುತ್ತದೆ’ ಎಂದು ಬರೆಯುವುದು. ಸಾಹುಕಾರರ ಮಗ್ಗದಲ್ಲಿ ನೇಯುವವರಿಗೂ ಶೇಂಗಾ ಬಿಡಿಸುವ ಕೂಲಿಯವರಿಗೂ ಅದು ತಕ್ಷಣ ಅರ್ಥವಾಗುತ್ತದೆ. ಒಬ್ಬೊಬ್ಬರ ದಿನಗೂಲಿ ಎಷ್ಟು, ಯಾವ ಬಸ್ಸಿನಲ್ಲಿ ಬರುತ್ತಾರೆ ಎಂಬುದನ್ನು ಬೇರೆಯಾಗಿ ಕೇಳಿಟ್ಟುಕೊಂಡರೆ ರೂಪಾಯಿಯ ಲೆಕ್ಕವನ್ನು ಆಮೇಲೆ ನಾವೇ ಹಾಕಿಕೊಳ್ಳಬಹುದು.

5. ಕೊಡಲಾಗದ್ದನ್ನು ಕಾರ್ಡಿನಲ್ಲಿ ಬರೆಯಬೇಡಿ

ಕಾರ್ಡು ತೋರಿಸಿದೊಡನೆ ಜನ ಅದನ್ನು ಭರವಸೆ ಎಂದುಕೊಳ್ಳುತ್ತಾರೆ. ‘ಆರು ತಿಂಗಳ ಮಾತ್ರೆ ಒಟ್ಟಿಗೆ’ ಎಂದು ತೋರಿಸಿದರೆ ಮುಂದಿನ ಸಲ ಕೌಂಟರಿನಲ್ಲಿ ಅದನ್ನೇ ಕೇಳುತ್ತಾರೆ, ಇಲ್ಲವೆನ್ನುವ ಪಾಡು ಫಾರ್ಮಸಿಸ್ಟ್‌ಗೆ. ಹೊರದೇಶಗಳಲ್ಲಿ ಬಂದಿರುವ ದೀರ್ಘಕಾಲದ ಚುಚ್ಚುಮದ್ದನ್ನು ಕಾರ್ಡಿನಲ್ಲಿ ಸೇರಿಸುವ ಆಸೆಯೂ ಆಗುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಇಲ್ಲದ ಔಷಧಿಯನ್ನು ಬಡವರ ಮುಂದೆ ಹಿಡಿದು ‘ಇಷ್ಟವೇ’ ಎನ್ನುವುದರಲ್ಲಿ ಅರ್ಥವಿಲ್ಲ.

ವೈದ್ಯಕೀಯವಾಗಿ ಬಿಡಲಾಗದ್ದನ್ನೂ ಆಯ್ಕೆಗೆ ಇಡಬಾರದು. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆಗೆ ರಕ್ತ ಕೊಡಲೇಬೇಕು. ‘ರಕ್ತ ಪರೀಕ್ಷೆ ಇಲ್ಲದ ಕೇಂದ್ರ’ ಎಂಬ ಕಾರ್ಡು ಇರಕೂಡದು. ಅದನ್ನು ಎಲ್ಲಿ ಕೊಡುವುದು, ಮಾತ್ರೆ ಪಡೆಯುವ ದಿನವೇ ಆಗಬೇಕೇ ಎಂದು ಕೇಳಬಹುದು. ಮನೆಗೇ ಮಾತ್ರೆ ತಲುಪಿಸುವ ಯೋಚನೆ ಕೇಳಲು ಚೆಂದ, ಆದರೆ ತರುವವರು ಯಾರು? ಅದೇ ಊರಿನ ಆಶಾ ಕಾರ್ಯಕರ್ತೆಯಾದರೆ ಅವರಿಗೆ ವಿಷಯ ತಿಳಿಸಲು ಸೋಂಕಿತರ ಒಪ್ಪಿಗೆ ಬೇಕು. ಕಾರ್ಡಿನಲ್ಲಿ ‘ಮನೆಗೆ’ ಎಂದಷ್ಟೇ ಬರೆದು ‘ಯಾರ ಕೈಯಲ್ಲಿ’ ಎಂಬುದನ್ನು ಬಿಟ್ಟರೆ ಮುಖ್ಯವಾದದ್ದೇ ಬಿಟ್ಟುಹೋಯಿತು. ಪ್ರತಿ ಗುಣದ ಪ್ರತಿ ಮಟ್ಟವನ್ನೂ (ಒಂದು ತಿಂಗಳ ಮಾತ್ರೆ, ಮೂರು ತಿಂಗಳ ಮಾತ್ರೆ ಎಂಬಂಥವು) ಜಿಲ್ಲೆಯ ಕಾರ್ಯಕ್ರಮ ನೋಡಿಕೊಳ್ಳುವವರ ಮುಂದಿಟ್ಟು, ‘ಇದನ್ನು ನೀವು ಕೊಡಬಲ್ಲಿರಾ?’ ಎಂದು ಕೇಳಿದ ಮೇಲೆಯೇ ಅಚ್ಚಿಗೆ ಕಳಿಸುವುದು ಲೇಸು.

6. ಲೆಕ್ಕ ಸರಳ, ಕೂರಿಸಿ ಕೇಳುವುದು ಕಷ್ಟ

ಐದು ಗುಣ, ಒಂದೊಂದಕ್ಕೂ ಮೂರು ಮಟ್ಟ ಎಂದರೆ 243 ಬಗೆಯ ಕೇಂದ್ರಗಳಾಗುತ್ತವೆ. ಎರಡೆರಡು ಜೋಡಿಸಿದರೆ 29,403 ಜೋಡಿ. ಇವುಗಳಲ್ಲಿ ಹೆಚ್ಚು ಮಾಹಿತಿ ಕೊಡುವ ಕೆಲವನ್ನು ಆರಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಒಬ್ಬರಿಗೆ ಎಂಟು ಜೋಡಿಯ ಆಚೆ ಹೋಗದಿರುವುದು ಒಳ್ಳೆಯದು. ಎಷ್ಟು ಜನರನ್ನು ಮಾತಾಡಿಸಬೇಕು ಎಂಬುದಕ್ಕೆ ಒಂದು ಸ್ಥೂಲ ಸೂತ್ರವಿದೆ: 500ನ್ನು ಅತಿ ಹೆಚ್ಚು ಮಟ್ಟಗಳಿರುವ ಗುಣದ ಮಟ್ಟಗಳ ಸಂಖ್ಯೆಯಿಂದ ಗುಣಿಸಿ, ಜೋಡಿಗಳ ಸಂಖ್ಯೆ ಮತ್ತು ಒಂದು ಜೋಡಿಯಲ್ಲಿರುವ ಆಯ್ಕೆಗಳ (‘ಈಗಿನ ಕಡೆಯೇ ಇರಲಿ’ ಎಂಬುದನ್ನು ಬಿಟ್ಟು) ಗುಣಲಬ್ಧದಿಂದ ಭಾಗಿಸುವುದು. ಮೂರು ಮಟ್ಟ, ಎಂಟು ಜೋಡಿ, ಎರಡು ಆಯ್ಕೆ ಎಂದರೆ 1500ನ್ನು 16ರಿಂದ ಭಾಗಿಸಬೇಕು, ಸುಮಾರು 94 ಮಂದಿ. ಇದು ಒಂದು ಗುಂಪಿಗೆ. ಎರಡು ತಾಲ್ಲೂಕುಗಳ ಹೆಂಗಸರು, ಗಂಡಸರು ಎಂದು ನಾಲ್ಕಾಗಿ ಬಿಡಿಸಿ ನೋಡಬೇಕೆಂದರೆ 376 ಬೇಕು. ಅಷ್ಟು ಜನ ಸಿಗಲಾರರು ಎನಿಸಿದರೆ ಮಟ್ಟಗಳನ್ನು ಕಡಿಮೆ ಮಾಡಬೇಕೇ ಹೊರತು ಬಂದವರನ್ನೇ ಹಿಂಡಬಾರದು.

ಕಾರ್ಡು ಚಿತ್ರಗಳಲ್ಲಿರಲಿ: ಡಬ್ಬಿಗಳ ಸಂಖ್ಯೆ, ಬಸ್ಸು, ನೆತ್ತಿಯ ಮೇಲೆ ಬಂದ ಸೂರ್ಯ. ಅಕ್ಷರ ಬಲ್ಲವರಿಗೂ ಓದಿ ಹೇಳಿದರೆ ಕೆಲಸ ಹಗುರ. ಗಡಿಯ ಮನೆಗಳಲ್ಲಿ ತೆಲುಗಿನ ಮಾತೇ ಹೆಚ್ಚು, ಆದ್ದರಿಂದ ಎರಡೂ ನುಡಿಗಳಲ್ಲಿ ಬಾಯಿತುಂಬ ಮಾತಾಡಬಲ್ಲವರು ಕೇಳಬೇಕು. ನಡುವೆ ಒಂದು ಪರೀಕ್ಷೆಯ ಕಾರ್ಡು ಸೇರಿಸಿ, ಎಲ್ಲ ಗುಣಗಳಲ್ಲೂ ಒಂದು ಕೇಂದ್ರ ಸ್ಪಷ್ಟವಾಗಿ ಮೇಲಾಗಿರಲಿ. ಕೀಳಾದದ್ದನ್ನು ಆರಿಸಿದವರನ್ನು ‘ಅರ್ಥವಾಗಿಲ್ಲ’ ಎಂದು ತಕ್ಷಣ ತೆಗೆದುಹಾಕಬೇಡಿ, ಏಕೆ ಎಂದು ಕೇಳಿ. ನಮಗೆ ಮೇಲೆಂದು ಕಂಡದ್ದು ಅವರಿಗೆ ಹಾಗಿಲ್ಲದಿರಬಹುದು.

7. ಸಾಲಿನಲ್ಲಿ ನಿಂತವರು ಅರ್ಧ ಕಥೆ ಮಾತ್ರ ಹೇಳಬಲ್ಲರು

ಎಆರ್‌ಟಿ ಕೇಂದ್ರದ ಬೆಂಚಿನ ಮೇಲೆ ಕೂತವರು, ಹೇಗೋ ಈ ವ್ಯವಸ್ಥೆಗೆ ಹೊಂದಿಕೊಂಡವರು. ಹೊಂದಿಕೊಳ್ಳಲಾಗದವರು ಬರುವುದನ್ನು ಬಿಟ್ಟಿರುತ್ತಾರೆ, ಸಮೀಕ್ಷೆಗೆ ಬೇಕಾಗಿರುವವರೂ ಅವರೇ. ಜಾಂಬಿಯಾದಲ್ಲಿ ಚಿಕಿತ್ಸೆಯಿಂದ ದೂರವಾದ 280 ಮಂದಿಯನ್ನು ಹುಡುಕಿ ನಡೆಸಿದ, 2018ರಲ್ಲಿ ಪ್ರಕಟವಾದ ಡಿಸಿಇಯೊಂದರ ಫಲಿತಾಂಶ ಈ ಕ್ಷೇತ್ರದವರನ್ನು ಬೆಚ್ಚಿಸಿತು. ಒರಟಾಗಿ ಮಾತಾಡುವ ಸಿಬ್ಬಂದಿಯ ಬದಲು ಸೌಜನ್ಯದವರು ಸಿಗುವುದಾದರೆ 45 ಕಿಲೋಮೀಟರ್ ಹೆಚ್ಚು ದೂರ ಹೋಗಲು, 19 ಗಂಟೆ ಹೆಚ್ಚು ಕಾಯಲು ಅವರು ಸಿದ್ಧರಿದ್ದರು. ಬೆಂಚಿನ ಮೇಲಿರುವವರನ್ನಷ್ಟೇ ಕೇಳಿದ್ದರೆ ಇಷ್ಟು ಸ್ಪಷ್ಟವಾದ ಉತ್ತರ ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಬಿಟ್ಟುಹೋದವರನ್ನು ತಲುಪಲು ಪಟ್ಟಿ ಹಿಡಿದು ಹಳ್ಳಿಗೆ ಹೋಗುವಂತಿಲ್ಲ. ಕೇಂದ್ರದ ಸಿಬ್ಬಂದಿ ತಮ್ಮ ರೂಢಿಯ ಕ್ರಮದಲ್ಲಿ ಸಂಪರ್ಕಿಸಿ, ಅವರು ಒಪ್ಪಿದ ಮೇಲಷ್ಟೇ ಸಮೀಕ್ಷೆಯವರಿಗೆ ಫೋನ್ ಸಂಖ್ಯೆ ಸಿಗಬೇಕು. ಕಾಲವನ್ನೂ ನೋಡಿಕೊಳ್ಳಬೇಕು. ಮುಂಗಾರಿಗೆ ಬಿತ್ತಿದ ಶೇಂಗಾ ಕೀಳುವ ಅಕ್ಟೋಬರ್, ನವೆಂಬರ್‌ನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬೇಸಿಗೆಯಲ್ಲಿ ಕುರಿಯವರು ಮಂದೆ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗಿರುತ್ತಾರೆ, ಕೆಲಸ ಹುಡುಕಿ ಹೊರಟವರು ಬೆಂಗಳೂರಿನಲ್ಲಿರುತ್ತಾರೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಊರು ಬಿಟ್ಟವರೂ ಮರಳುವುದುಂಟು. ಒಂದೇ ತಿಂಗಳಲ್ಲಿ ಸಮೀಕ್ಷೆ ಮುಗಿಸಿದರೆ ಆ ತಿಂಗಳು ಊರಿನಲ್ಲಿದ್ದವರ ಇಷ್ಟವಷ್ಟೇ ದಾಖಲಾಗುತ್ತದೆ.

8. ಹೆಸರು ತೆಗೆದ ಮಾತ್ರಕ್ಕೆ ಗುಟ್ಟು ಉಳಿಯದು

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಬ್ಬರ ಸೋಂಕಿನ ವಿಷಯವನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು ಅದರ 8ನೇ ಕಲಂ ತಡೆಯುತ್ತದೆ. ದಾಖಲೆ ಇಟ್ಟುಕೊಳ್ಳುವವರು ಅದನ್ನು ರಕ್ಷಿಸುವ ಏರ್ಪಾಡು ಮಾಡಬೇಕೆಂದು 11ನೇ ಕಲಂ ಹೇಳುತ್ತದೆ. ಕಾಯ್ದೆಯನ್ನು ಪಾಲಿಸಲು ಹೆಸರು ತೆಗೆದರೆ ಸಾಕೆಂದುಕೊಳ್ಳುವುದು ನಗರದವರ ಲೆಕ್ಕ. ಊರು, ವಯಸ್ಸು, ಕಸುಬು, ಗಂಡ ತೀರಿಕೊಂಡ ವರ್ಷ, ಈ ನಾಲ್ಕು ಒಂದೇ ಸಾಲಿನಲ್ಲಿದ್ದರೆ ಆ ಸೀಮೆಯ ಯಾರು ಬೇಕಾದರೂ ಹೆಸರು ಹೇಳಿಬಿಡುತ್ತಾರೆ. ವಯಸ್ಸನ್ನು ಹತ್ತು ವರ್ಷದ ಗುಂಪಾಗಿಸಿ, ಊರಿನ ಬದಲು ತಾಲ್ಲೂಕು ಬರೆಯಿರಿ, ವಿಶ್ಲೇಷಣೆಗೆ ಬೇಡವಾದ ಜಾತಿ, ಹಟ್ಟಿ, ಮಕ್ಕಳ ಸಂಖ್ಯೆ ಕೇಳಲೇಬೇಡಿ. ಟ್ಯಾಬ್‌ನಲ್ಲಿ ಜಾಗ ದಾಖಲಿಸುವ ಸೌಲಭ್ಯವನ್ನು ನಿಲ್ಲಿಸಿಡಿ.

ಒಪ್ಪಿಗೆ ಪತ್ರದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಎಚ್‌ಐವಿ ಎಂದಿದ್ದರೆ ಅದರ ಪ್ರತಿಯನ್ನು ಮನೆಗೆ ಒಯ್ಯುವುದು ಹೇಗೆ? ಅದು ‘ಆರೋಗ್ಯ ಸೇವೆಗಳ ಅಧ್ಯಯನ’ ಎಂದಿರಲಿ, ಒಳಗಿನ ವಿವರವನ್ನು ಬಾಯಲ್ಲಿ ಪೂರ್ತಿ ಹೇಳಿ, ಪ್ರತಿ ಬೇಡವೆಂದರೆ ಕೇಂದ್ರದಲ್ಲೇ ಇಡಿ. ಓದಲು ಬಾರದವರ ಹೆಬ್ಬೆಟ್ಟಿಗೆ ನಿಷ್ಪಕ್ಷಪಾತ ಸಾಕ್ಷಿ ಬೇಕೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಆ ಸಾಕ್ಷಿ ಯಾರೆಂಬುದನ್ನು ಸೋಂಕಿತರೇ ಆರಿಸಲಿ. ಸಮೀಕ್ಷಕರು ಅದೇ ತಾಲ್ಲೂಕಿನವರಾದರೆ ಮಾತು ಸಲೀಸು, ಗುಟ್ಟು ಕಷ್ಟ. ಪಕ್ಕದ ತಾಲ್ಲೂಕಿನವರನ್ನು ನೇಮಿಸಿದರೆ ಎರಡೂ ಒಂದಿಷ್ಟು ಹದಕ್ಕೆ ಬರುತ್ತವೆ.

9. ಸರಾಸರಿಯಲ್ಲಿ ಯಾರೂ ವಾಸಿಸುವುದಿಲ್ಲ

ಅರ್ಧ ಜನ ಹತ್ತಿರದ ಕೇಂದ್ರಕ್ಕೆ ಹಂಬಲಿಸಿ, ಇನ್ನರ್ಧ ದೂರದ್ದನ್ನೇ ಹುಡುಕಿದರೆ ಸರಾಸರಿ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ‘ದೂರ ಮುಖ್ಯವಲ್ಲ’ ಎಂದು ಕಂಪ್ಯೂಟರ್ ಹೇಳುತ್ತದೆ. ನಿಜವಾಗಿ ಅದು ಎಲ್ಲರಿಗೂ ಮುಖ್ಯ, ಎರಡು ವಿರುದ್ಧ ದಿಕ್ಕಿನಲ್ಲಿ. ಒಂದೇ ಬಗೆಯಲ್ಲಿ ಆರಿಸುವವರನ್ನು ಗುಂಪು ಮಾಡಿ ತೋರಿಸುವ ಲೇಟೆಂಟ್ ಕ್ಲಾಸ್ ವಿಶ್ಲೇಷಣೆ ಇಲ್ಲಿ ಅಲಂಕಾರವಲ್ಲ, ಅಗತ್ಯ. ಮಗ್ಗ ನಿಲ್ಲಿಸಿ ಬರಬೇಕಾದ ನೇಕಾರರಿಗೆ ಬೆಳಗಿನ ಹೊತ್ತು, ಲಾರಿ ಓಡಿಸುವವರಿಗೆ ಯಾವ ಊರಿನಲ್ಲಾದರೂ ಸಿಗುವ ಮಾತ್ರೆ, ಗಂಡನ ಮನೆಯಲ್ಲಿ ವಿಷಯ ಹೇಳದ ಸೊಸೆಗೆ ಫಲಕವಿಲ್ಲದ ಬಾಗಿಲು ಬೇಕಾಗಬಹುದು. ಸಮೀಕ್ಷೆಯ ಕೊನೆಗೆ ‘ಜನರಿಗೆ ಬೇಕಾದ ಕೇಂದ್ರ’ ಎಂಬ ಒಂದೇ ಮಾದರಿ ಬಂದರೆ ವಿಶ್ಲೇಷಣೆ ಮುಗಿದಿಲ್ಲವೆಂದೇ ತಿಳಿಯಿರಿ.

10. ಇಷ್ಟಪಟ್ಟದ್ದೆಲ್ಲ ಕೆಲಸ ಮಾಡುವುದಿಲ್ಲ

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರ ತಂಡ ಮೊಬೈಲ್ ಮೂಲಕ ಮಾತ್ರೆ ನೆನಪಿಸುವ ಕ್ರಮವನ್ನು ಪರೀಕ್ಷಿಸಿತ್ತು. 2012ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ ಹೆಚ್ಚಿನವರು ಸಂದೇಶಕ್ಕಿಂತ ಧ್ವನಿ ಕರೆಯನ್ನು ಮೆಚ್ಚಿದ್ದರು, ಅದನ್ನು ಕಿರಿಕಿರಿ ಎಂದವರು ಕಡಿಮೆ. ಆಮೇಲೆ ದಕ್ಷಿಣ ಭಾರತದಲ್ಲಿ ಚಿಕಿತ್ಸೆ ಆರಂಭಿಸುತ್ತಿದ್ದ 631 ಮಂದಿಯನ್ನು ಎರಡು ಗುಂಪಾಗಿಸಿ, ಒಂದಕ್ಕೆ ವಾರವಾರ ಕರೆ ಮತ್ತು ಚಿತ್ರಸಂದೇಶ ಕಳಿಸಿ ಎರಡು ವರ್ಷ ಗಮನಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ, ಕರೆ ಬಂದವರಿಗೂ ಬಾರದವರಿಗೂ ಚಿಕಿತ್ಸೆಯ ವೈಫಲ್ಯದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ.

ಜನ ಮೆಚ್ಚಿದ್ದೂ ನಿಜ, ಫಲ ಕಾಣದಿದ್ದದ್ದೂ ನಿಜ. ಯಾವ ಬಾಗಿಲಿನಿಂದ ಬರಲು ಮನಸ್ಸಿದೆ ಎಂಬುದನ್ನಷ್ಟೇ ಆದ್ಯತೆಯ ಸಮೀಕ್ಷೆ ಹೇಳಬಲ್ಲದು. ಒಳಗೆ ಬಂದವರ ವೈರಲ್ ಲೋಡ್ ತಗ್ಗಿತೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು. ಹಾಗಾಗಿ ಸಮೀಕ್ಷೆಯ ನಂತರ ಒಂದು ಸಣ್ಣ ಬದಲಾವಣೆ ಮಾಡಿ, ಮುಂದಿನ ವರ್ಷದ ವೈರಲ್ ಲೋಡ್, ತಪ್ಪಿದ ಭೇಟಿಗಳ ಲೆಕ್ಕ ಇಡುವ ಏರ್ಪಾಡು ಪ್ರಸ್ತಾವದಲ್ಲೇ ಇರಲಿ.

11. ಏನು ಬದಲಾಗುತ್ತದೆಂದು ಮೊದಲೇ ಬರೆದಿಡಿ

ಮೊದಲ ಕಾರ್ಡು ಅಚ್ಚಾಗುವ ಮುನ್ನ ಒಂದು ಪುಟ ಬರೆಯಿರಿ: ಜನ ಫಲಕವಿಲ್ಲದ ಕೋಣೆಯನ್ನು ಆರಿಸಿದರೆ ಯಾರು ಫಲಕ ತೆಗೆಸುತ್ತಾರೆ, ಬೆಳಗಿನ ಹೊತ್ತನ್ನು ಆರಿಸಿದರೆ ಯಾರ ಕೆಲಸದ ಸಮಯ ಬದಲಾಗುತ್ತದೆ, ಪೊಟ್ಟಣದಲ್ಲಿ ಮಾತ್ರೆ ಬೇಕೆಂದರೆ ಯಾರು ಒದಗಿಸುತ್ತಾರೆ. ಆ ಪುಟಕ್ಕೆ ಕೇಂದ್ರದವರ ಸಹಿ ಹಾಕಿಸಿಕೊಳ್ಳಿ. ಫಲಿತಾಂಶ ಬಂದ ಮೇಲೆ ಅದನ್ನು ಉತ್ತರ ಕೊಟ್ಟವರಿಗೇ ಮೊದಲು ತಿಳಿಸಿ. ಅವರು ಒಂದು ದಿನದ ಕೂಲಿ ಬಿಟ್ಟು, ಗುಟ್ಟು ಹೊರಬೀಳುವ ಅಪಾಯವನ್ನೂ ಎದುರಿಸಿ ಮಾತಾಡಿರುತ್ತಾರೆ. ಆ ಪುಟದಲ್ಲಿ ಬರೆಯಲು ಏನೂ ಹೊಳೆಯದಿದ್ದರೆ, ಯಾವ ಉತ್ತರ ಬಂದರೂ ಏನೂ ಬದಲಾಗುವುದಿಲ್ಲವೆಂದಾದರೆ, ಸಮೀಕ್ಷೆಯನ್ನು ಕೈಬಿಟ್ಟು ಆ ಹಣದಲ್ಲಿ ಕೇಂದ್ರಕ್ಕೆ ಇನ್ನೊಬ್ಬ ಆಪ್ತಸಮಾಲೋಚಕರನ್ನು ಕೊಡಿಸುವುದು ಮೇಲು.